ಒಳ್ಳೆಯ ದಿನ ಕೇಳಲು ಹೋದ ವರ್ತಕ

‘ಗುರುಗಳೇ, ಒಳ್ಳೆಯ ಅಭ್ಯಾಸವನ್ನು ಯಾವ ದಿನ ಶುರು ಮಾಡಬೇಕು?’

ನಾಗಲಿಂಗ ಈ ಪ್ರಶ್ನೆ ಕೇಳಿದಾಗ ಮಠದ ಗಂಟೆ ಇನ್ನೂ ಬಾರಿಸಿರಲಿಲ್ಲ. ಗುರುಗಳು ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಒದ್ದೆ ಪಂಚೆಯನ್ನು ಹಿಂಡುತ್ತಿದ್ದರು. ನಾಗಲಿಂಗನ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಮಠದಲ್ಲಿ ಅವನ ನಿದ್ದೆ ಹೆಸರುವಾಸಿ. ದಿನವೂ ಜೊತೆಯವರು ಕಂಬಳಿ ಎಳೆದು, ಕಾಲು ಹಿಡಿದು ಅಲುಗಾಡಿಸಿ ಅವನನ್ನು ಎಬ್ಬಿಸಬೇಕಿತ್ತು. ಗುರುಗಳು ಅವನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಪಂಚೆಯನ್ನು ಕಲ್ಲಿನ ಮೇಲೆ ಹರವಿದರು.

‘ಯಾಕೆ ಕೇಳುತ್ತೀ?’

ನಾಗಲಿಂಗ ತನ್ನ ಕಷ್ಟವನ್ನು ಹೇಳಿಕೊಂಡ. ಮೈ ಸದಾ ಭಾರ. ಮಧ್ಯಾಹ್ನವಾದರೆ ತಲೆಗೆ ಏನೂ ಹತ್ತುವುದಿಲ್ಲ. ಎಲೆಗೆ ಬಡಿಸಿದ್ದನ್ನೆಲ್ಲ ತಿಂದುಬಿಡುತ್ತಾನೆ, ಆಮೇಲೆ ಯಾಕೆ ತಿಂದೆನೆಂದು ಬೇಸರಪಡುತ್ತಾನೆ. ಸಣ್ಣ ಮಾತಿಗೆ ಸಿಡುಕುತ್ತಾನೆ. ಮೊನ್ನೆ ಅಡುಗೆಮನೆಯ ಅಜ್ಜನ ಮೇಲೆಯೇ ರೇಗಿದ್ದ. ಅಜ್ಜ ಏನೂ ಅನ್ನದೆ ಮಜ್ಜಿಗೆ ಬಡಿಸಿ ಹೋದದ್ದು ಅವನ ಮನಸ್ಸನ್ನು ಕೊರೆಯುತ್ತಿತ್ತು. ಇನ್ನು ಬೇಗ ಏಳಬೇಕು, ನಡೆಯಬೇಕು, ಮಿತವಾಗಿ ಉಣ್ಣಬೇಕು, ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಎಂದು ನಿಶ್ಚಯಿಸಿದ್ದಾನೆ. ದಿನವೊಂದು ಗೊತ್ತಾಗಬೇಕು, ಅಷ್ಟೆ.

‘ಸೋಮವಾರದಿಂದ ಮಾಡೋಣವೆಂದುಕೊಂಡೆ. ಆದರೆ ಸೋಮವಾರ ಅಮಾವಾಸ್ಯೆ. ಯುಗಾದಿಯಿಂದ ಮಾಡಿದರೆ ವರ್ಷದ ಮೊದಲ ದಿನವಾಗುತ್ತದೆ. ಆದರೆ ಅಂದು ಹೋಳಿಗೆ ಮಾಡುತ್ತಾರೆ. ಹೋಳಿಗೆಯ ದಿನ ಮಿತವಾಗಿ ಉಣ್ಣುವುದು ನನ್ನಿಂದ ಆಗದು. ತಾವೇ ಒಂದು ದಿನ ಹೇಳಬೇಕು.’

ಗುರುಗಳು ನಕ್ಕರು.

‘ಕೂತುಕೋ. ನಿನಗೆ ಒಬ್ಬ ವರ್ತಕನ ಕತೆ ಹೇಳುತ್ತೇನೆ. ದಿನ ನೋಡುವುದರಲ್ಲಿ ಅವನು ನಿನಗಿಂತ ಗಟ್ಟಿಗ.’

ನಾಗಲಿಂಗ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ವ್ಯಾಪಾರದಲ್ಲಿ ಪ್ರಾಮಾಣಿಕ. ಆದರೆ ಪ್ರತಿ ಅಚ್ಚಿನಿಂದ ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಅವನು ಬೆಲ್ಲ ಕೊಳ್ಳುತ್ತಿರಲಿಲ್ಲ, ಹಾಗೆಯೇ ಮಾರುತ್ತಲೂ ಇರಲಿಲ್ಲ. ಬೆಳಗ್ಗೆ ಅಂಗಡಿಯ ಗಾದಿಯ ಮೇಲೆ ಕುಳಿತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಅಂಗಡಿ ಇದ್ದದ್ದು ಅವನ ಬೀದಿಯ ತುದಿಯಲ್ಲೇ. ಆದರೂ ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಗಿರಾಕಿಗಳ ಜೊತೆ ಜಗಳವಾಡುತ್ತಲೇ ಉಣ್ಣುತ್ತಿದ್ದ. ಏನು ಉಂಡೆ ಎಂದು ಹೆಂಡತಿ ಕೇಳಿದರೆ ಅವನಿಗೆ ನೆನಪಿರುತ್ತಿರಲಿಲ್ಲ. ಮಲಗಿದರೆ ಆ ಜಗಳವೇ ತಲೆಯಲ್ಲಿ ಮುಂದುವರಿಯುತ್ತಿತ್ತು.

ಹೀಗೆ ವರ್ಷಗಳು ಕಳೆದವು. ಮೈ ಬೆಳೆಯಿತು, ಮಂಡಿ ಹಿಡಿಯಿತು. ಮೊದಲು ನೆಲದ ಮೇಲೆ ಕೂತವನನ್ನು ಒಬ್ಬರು ಕೈಹಿಡಿದು ಎಬ್ಬಿಸಬೇಕಾಯಿತು. ಆಮೇಲೆ ಇಬ್ಬರು ಬೇಕಾದರು. ಕೊನೆಗೆ ಅವನು ನೆಲದ ಮೇಲೆ ಕೂರುವುದನ್ನೇ ಬಿಟ್ಟ. ಮನೆಯವರೆಲ್ಲ ಸಾಲಾಗಿ ಕೆಳಗೆ ಕುಳಿತು ಉಂಡರೆ ಅವನೊಬ್ಬ ಗೋಡೆಯ ಬದಿಯ ಬೆಂಚಿನ ಮೇಲೆ ತಟ್ಟೆ ಹಿಡಿದು ಉಣ್ಣುತ್ತಿದ್ದ. ದೊಡ್ಡವನೆಂಬ ಗತ್ತು ಅದೆಂದು ನೆಂಟರು ತಿಳಿದುಕೊಂಡರು. ಹಾಗೆ ತಿಳಿದುಕೊಳ್ಳಲಿ ಎಂದು ಅವನೂ ಸುಮ್ಮನಿದ್ದ.

ಆ ವರ್ಷ ಶ್ರಾವಣದಲ್ಲಿ ಅವನ ಒಬ್ಬಳೇ ಮಗಳಿಗೆ ಗಂಡು ಗೊತ್ತಾಯಿತು. ಮಾಘದಲ್ಲಿ ಮದುವೆ ಎಂದು ನಿಶ್ಚಯವಾಯಿತು. ವರ್ತಕನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹುಡುಗಿಯ ತಂದೆ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಅಳಿಯನ ಕಾಲು ತೊಳೆಯಬೇಕು, ಕುಳಿತೇ ಧಾರೆ ಎರೆಯಬೇಕು. ನಿಂತು ಎರೆಯುವಂತಿಲ್ಲ, ಬೆಂಚಿನ ಮೇಲೆ ಕುಳಿತು ಎರೆಯುವಂತಿಲ್ಲ. ತಂದೆಗೆ ಆಗದಿದ್ದರೆ ಅವನ ತಮ್ಮ ಆ ಮಣೆಯ ಮೇಲೆ ಕೂರುತ್ತಾನೆ.

ವರ್ತಕನಿಗೆ ಒಬ್ಬ ತಮ್ಮನಿದ್ದ. ಇಬ್ಬರ ನಡುವೆ ಮಾತಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಮನೆ ಎಲ್ಲ ಸಲೀಸಾಗಿ ಪಾಲಾಗಿತ್ತು. ಅಪ್ಪ ಕೂರುತ್ತಿದ್ದ ಉಯ್ಯಾಲೆಯ ಹಲಗೆ ಯಾರಿಗೆ ಎಂಬಲ್ಲಿ ಜಗಳ ಹುಟ್ಟಿತು. ತಮ್ಮ ಹಲಗೆಯನ್ನು ಹೊತ್ತುಕೊಂಡು ಹೋದ. ಅಂದಿನಿಂದ ಅಣ್ಣ ಅವನ ಮುಖ ನೋಡಿರಲಿಲ್ಲ. ನಗಬೇಡ ನಾಗಲಿಂಗ. ನೀನು ಮೊನ್ನೆ ರೇಗಿದ್ದು ಮಜ್ಜಿಗೆ ಹುಳಿಯಾಗಿದೆ ಎಂದಲ್ಲವೇ?

ಒಂದು ಸಂಜೆ ವರ್ತಕ ಯಾರಿಗೂ ಹೇಳದೆ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂರಲು ನೋಡಿದ. ಅರ್ಧಕ್ಕೆ ಬಗ್ಗುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಕಂಬವನ್ನು ತಬ್ಬಿಕೊಂಡು ಅಲ್ಲೇ ನಿಂತ. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಬಂದು ಅಪ್ಪನ ಕೈ ಹಿಡಿದುಕೊಂಡಳು.

‘ಚಿಕ್ಕಪ್ಪ ಕೂತ್ರೂ ಪರವಾಗಿಲ್ಲ ಅಪ್ಪಾ. ನಿಮಗೆ ನೋವಾಗೋದು ಬೇಡ’ ಎಂದಳು.

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ವರ್ತಕನಿಗೆ ಎದೆಗೆ ಬರೆ ಎಳೆದಂತಾಯಿತು. ಮಾರನೆಯ ದಿನವೇ ಅವನು ವೈದ್ಯರ ಬಳಿ ಹೋದ.

ವೈದ್ಯರು ನಾಡಿ ಹಿಡಿದರು, ನಾಲಗೆ ನೋಡಿದರು, ಮಂಡಿ ಒತ್ತಿದರು.

‘ಮದ್ದೇನೂ ಬೇಡ ಶೆಟ್ಟರೇ. ಹೊತ್ತು ಹುಟ್ಟೋಕೆ ಮುಂಚೆ ಎದ್ದು ಸ್ನಾನ ಮಾಡಿ. ಬರಿಗಾಲಲ್ಲಿ ಕೆರೆ ಏರಿ ಮೇಲೆ ಆ ಕಡೆ ತುದಿವರೆಗೂ ನಡೀರಿ. ದಾರಿಯಲ್ಲಿ ವ್ಯಾಪಾರದ ಮಾತು ಬೇಡ. ನೆಲದ ಮೇಲೆ ಒಂದಷ್ಟು ಹೊತ್ತು ಕೂತು ಎದ್ದು ಬನ್ನಿ. ಆಮೇಲೆ ಹಸಿವು ನೋಡಿಕೊಂಡು ಉಣ್ಣಿ. ದಿನಾ ಮಾಡಿದರೆ ಮಾಘದ ಹೊತ್ತಿಗೆ ಕೂರ್ತೀರಿ.’

‘ಆಗಲಿ ಪಂಡಿತರೇ. ದೊಡ್ಡ ಕೆಲಸ. ಒಂದು ಒಳ್ಳೇ ದಿನ ನೋಡಿಸಿ ಶುರು ಮಾಡ್ತೀನಿ.’

‘ಮಂಡಿ ಹಿಡ್ಕೊಂಡಿದ್ದು ಯಾವ ಮುಹೂರ್ತದಲ್ಲಿ ಸ್ವಾಮೀ?’ ಎಂದರು ವೈದ್ಯರು.

ವರ್ತಕನಿಗೆ ಆ ಮಾತು ಹಿಡಿಸಲಿಲ್ಲ. ಅವನ ಮನೆಯಲ್ಲಿ ದಿನ ನೋಡದೆ ಕ್ಷೌರವನ್ನೂ ಮಾಡಿಸುತ್ತಿರಲಿಲ್ಲ. ಹೊಸ ಬೆಲ್ಲದ ಮೂಟೆ ಬಿಚ್ಚಲು ದಿನ, ಊರಿಗೆ ಹೊರಡಲು ದಿನ, ಊರಿಂದ ಹೊರಡಲು ಇನ್ನೊಂದು ದಿನ. ಮಗಳ ಧಾರೆಯಂಥ ವಿಷಯವನ್ನು ಅಡ್ಡಾದಿಡ್ಡಿ ದಿನದಲ್ಲಿ ಶುರು ಮಾಡಿ ಕೆಡಿಸಿಕೊಳ್ಳಲು ಅವನು ತಯಾರಿರಲಿಲ್ಲ.

ದಿನ ಹೇಳುವ ಜೋಯಿಸರ ಮನೆ ಇದ್ದದ್ದು ಕೆರೆಯ ಆಚೆ, ಏರಿಯ ತುದಿಯಲ್ಲಿ. ವಯಸ್ಸಾದವರು. ತುಂಬ ಕಟ್ಟುನಿಟ್ಟು. ಸೂರ್ಯ ಹುಟ್ಟುವ ಹೊತ್ತಿಗೆ ಒಮ್ಮೆ ಪಂಚಾಂಗ ಬಿಚ್ಚಿದರೆ ಮತ್ತೆ ಆ ದಿನ ಬಿಚ್ಚುತ್ತಿರಲಿಲ್ಲ. ಕೇಳಲು ಬರುವವನು ಸ್ನಾನ ಮಾಡಿರಬೇಕು, ಏನೂ ತಿಂದಿರಬಾರದು. ಗಾಡಿಯಲ್ಲಿ ಬರಕೂಡದು. ಮೇವು ತಿನ್ನದ ಎತ್ತನ್ನು ಹೂಡಿಕೊಂಡು ಬಂದವನಿಗೆ ಒಳ್ಳೆಯ ದಿನ ಎಲ್ಲಿಂದ ತರಲಿ ಎಂದು ಬೈಯುತ್ತಿದ್ದರು. ಚಪ್ಪಲಿ ಮೆಟ್ಟಬಾರದು, ದಾರಿಯಲ್ಲಿ ಹಾಳುಹರಟೆ ಕೂಡದು. ಪಂಚಾಂಗವನ್ನು ನೆಲದ ಮೇಲಿನ ಸಣ್ಣ ಪೀಠದಲ್ಲಿ ಇಡುತ್ತಿದ್ದರು. ಅದಕ್ಕಿಂತ ಎತ್ತರದಲ್ಲಿ ಯಾರೂ ಕೂರುವಂತಿರಲಿಲ್ಲ.

ವರ್ತಕನಿಗೆ ಇದೆಲ್ಲ ಗೊತ್ತಿತ್ತು. ಇದರಲ್ಲಿ ಅವನಿಗೆ ಯಾವ ತೊಂದರೆಯೂ ಕಾಣಲಿಲ್ಲ. ಶಾಸ್ತ್ರ ಎಂದ ಮೇಲೆ ಹಾಗೇ ಇರಬೇಕಲ್ಲ.

ಮೊದಲ ದಿನ ಅವನು ಚಳಿಯಲ್ಲಿ ನಡುಗುತ್ತಾ ಮಿಂದು, ಬರಿಗಾಲಲ್ಲಿ ಹೊರಟ. ಏರಿಯ ನಡುವೆ ತೂಬಿನ ಕಟ್ಟೆಗೆ ಒರಗಿ ಸುಧಾರಿಸಿಕೊಂಡ. ಜೋಯಿಸರ ಮನೆ ಮುಟ್ಟುವಾಗ ಏದುಸಿರು. ಕೂರದೆ ಪಂಚಾಂಗ ಬಿಚ್ಚುವುದಿಲ್ಲ ಎಂದು ಜೋಯಿಸರು ಹಟ ಹಿಡಿದರು. ಅವನು ಕಂಬ ಹಿಡಿದು ಜಾರುತ್ತಾ ಜಾರುತ್ತಾ ನೆಲ ಮುಟ್ಟಿದ. ಕಣ್ಣಲ್ಲಿ ನೀರು ಬಂತು. ಜೋಯಿಸರು ಅವನ ಕಣ್ಣೀರನ್ನು ಭಕ್ತಿ ಎಂದುಕೊಂಡರು.

‘ಏನು ಕೆಲಸ ಶುರು ಮಾಡಬೇಕು ಶೆಟ್ಟರೇ?’

‘ಮೈಗೆ ಸಂಬಂಧಪಟ್ಟದ್ದು’ ಎಂದ ವರ್ತಕ. ಸಂಕೋಚಕ್ಕೆ ಅಷ್ಟೇ ಹೇಳಿದ.

‘ಮೈಯ ವಿಷಯ ಅಂದ್ರೆ ತುಂಬ ಸೂಕ್ಷ್ಮ. ಮುಂದಿನ ದಿನ ಈಗಲೇ ಹೇಳೋಕಾಗಲ್ಲ. ಆ ದಿನದ್ದು ಆ ದಿನವೇ ನೋಡಬೇಕು. ಇವತ್ತಿನ ನಕ್ಷತ್ರ ನಿಮ್ಮದಕ್ಕೆ ಕೂಡಲ್ಲ. ನಾಳೆ ಬನ್ನಿ.’

ವರ್ತಕನ ಮನೆಯ ಇಬ್ಬರು ಆಳುಗಳು ಬಂದು ಅವನನ್ನು ಎಬ್ಬಿಸಿ ಕರೆದುಕೊಂಡು ಹೋದರು.

ಅವನು ಮಾರನೆಯ ದಿನವೂ ಹೋದ. ಅಂದು ತಿಥಿ ಸರಿಯಿರಲಿಲ್ಲ. ಮರುದಿನ ವಾರ ಸರಿಯಿರಲಿಲ್ಲ. ಆಮೇಲೆ ಒಂದು ದಿನ ಎಲ್ಲ ಕೂಡಿಬಂತು. ಜೋಯಿಸರು ಸಂತೋಷದಿಂದ ‘ಇವತ್ತು ಮಾಡಬಹುದು’ ಎಂದರು. ವರ್ತಕ ಬೇಗ ಬೇಗ ಮನೆಗೆ ನಡೆದ. ಮನೆಗೆ ಹೋಗಿ, ದೇವರಿಗೆ ಕೈಮುಗಿದು, ಅಲ್ಲಿಂದ ಕ್ರಮವಾಗಿ ನಡಿಗೆ ಶುರು ಮಾಡಬೇಕೆಂದು ಅವನ ಯೋಚನೆ. ಹೊಸಲು ದಾಟುವಾಗ ಅಡುಗೆಯವಳು ಸೀನಿದಳು. ಆ ದಿನ ಕೆಟ್ಟಿತು. ಮತ್ತೊಂದು ಒಳ್ಳೆಯ ದಿನ ಬೆಕ್ಕು ಅಡ್ಡ ಬಂತು. ಇನ್ನೊಂದು ದಿನ ಹಲ್ಲಿ ನುಡಿಯಿತು. ಹೆಂಡತಿಯ ಕಡೆಯವರೊಬ್ಬರು ದೂರದ ಊರಿನಲ್ಲಿ ತೀರಿಕೊಂಡು ಸೂತಕ ಬಂತು. ಸೂತಕದಲ್ಲಿ ಶುರು ಮಾಡಬಾರದು ಸರಿ, ಅದು ಯಾವಾಗ ಕಳೆಯುತ್ತದೆ ಎಂದಾದರೂ ಕೇಳಬೇಕಲ್ಲ. ಜೋಯಿಸರ ಅಂಗಳದ ಹೊರಗೇ ನಿಂತು ಕೇಳಿಕೊಂಡು ಬರುತ್ತಿದ್ದ.

ವೈದ್ಯರು ಒಮ್ಮೆ ಬೀದಿಯಲ್ಲಿ ಸಿಕ್ಕಿ ‘ಶುರು ಮಾಡಿದ್ರಾ ಶೆಟ್ಟರೇ?’ ಎಂದು ಕೇಳಿದರು. ‘ಇನ್ನೂ ಇಲ್ಲ ಪಂಡಿತರೇ, ದಿನ ಸಿಕ್ತಿಲ್ಲ’ ಎಂದು ವರ್ತಕ ತಲೆ ತಗ್ಗಿಸಿದ. ವೈದ್ಯರು ಹಣೆ ಚಚ್ಚಿಕೊಂಡು ಹೋದರು.

ಭಾದ್ರಪದ ಹೋಯಿತು, ಆಶ್ವಯುಜ ಬಂತು. ವರ್ತಕ ಈಗ ತೂಬಿನ ಹತ್ತಿರ ನಿಲ್ಲುತ್ತಿರಲಿಲ್ಲ. ಅದನ್ನು ಅವನು ಗಮನಿಸಲಿಲ್ಲ. ಜೋಯಿಸರ ಮನೆಯ ಕಂಬವನ್ನು ಹಿಡಿಯುವುದು ತಪ್ಪಿಹೋಯಿತು. ಅದನ್ನೂ ಅವನು ಗಮನಿಸಲಿಲ್ಲ. ಅವನ ಗಮನವೆಲ್ಲ ಬೆಕ್ಕು, ಹಲ್ಲಿ, ಸೀನುಗಳ ಮೇಲೆ. ಆಳುಗಳು ಕರೆದುಕೊಂಡು ಬರಲು ಹೋಗುವುದನ್ನು ಯಾವಾಗ ಬಿಟ್ಟರೋ ಅವರಿಗೇ ನೆನಪಿಲ್ಲ. ಮನೆಗೆ ಬರುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ರೊಟ್ಟಿ ರುಚಿಯಾಗಿದೆ ಎಂದು ಒಂದು ದಿನ ಅವನು ಹೇಳಿದ. ಹೆಂಡತಿ ಸಟ್ಟುಗ ಹಿಡಿದುಕೊಂಡು ಹಾಗೇ ನಿಂತಳು. ಮದುವೆಯಾದಾಗಿನಿಂದ ಅವಳು ಆ ಮಾತು ಕೇಳಿರಲಿಲ್ಲ.

ಅವಳು ಎಲ್ಲವನ್ನೂ ನೋಡುತ್ತಿದ್ದಳು. ಗಂಡ ತಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಿದ್ದಾನೆ. ಆಳುಗಳ ಮೇಲೆ ಕೂಗಾಡುವುದು ಕಡಿಮೆಯಾಗಿದೆ. ಪಂಚೆಯ ಸುತ್ತು ಒಂದು ಹೆಚ್ಚಾಗಿದೆ. ಆದರೆ ಬಾಯಿ ಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂದು ಅವಳಿಗೆ ಹೆದರಿಕೆ. ಮಗಳಿಗೂ ಹೇಳಬೇಡವೆಂದಳು. ಮಂಗಳವಾರ ಶುಕ್ರವಾರ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಸುಮ್ಮನಿದ್ದಳು. ಹೀಗೆ ಮನೆಯವರಿಗೆಲ್ಲ ಗೊತ್ತಿದ್ದ ವಿಷಯ ಅವನೊಬ್ಬನಿಗೆ ಗೊತ್ತಿರಲಿಲ್ಲ. ಉಣ್ಣುವಾಗ ಅವನು ಇನ್ನೂ ಬೆಂಚಿನ ಮೇಲೆಯೇ ಕೂರುತ್ತಿದ್ದ. ಜೋಯಿಸರ ಮನೆಯಲ್ಲಿ ಕೂರುವುದು ಶಾಸ್ತ್ರಕ್ಕೆ, ಮನೆಯಲ್ಲಿ ಕೂರುವುದು ತನ್ನಿಂದಾಗದು ಎಂದೇ ಅವನ ಲೆಕ್ಕ.

ಏರಿಯ ಮೇಲೆ ದಿನವೂ ಒಬ್ಬ ಎದುರಾಗುತ್ತಿದ್ದ. ಅದು ತಮ್ಮ. ಅವನ ಮನೆ ಕೆರೆಯ ಈ ಮಗ್ಗುಲಲ್ಲೇ ಇತ್ತು. ನೀರಿನ ಕೊಡ ಹೊತ್ತು ಬರುತ್ತಿದ್ದ. ದೂರದಿಂದಲೇ ಅವನ ನಡಿಗೆ ಗುರುತಿಸಿ ವರ್ತಕ ಕೆರೆಯ ಕಡೆಗೆ ಮುಖ ತಿರುಗಿಸುತ್ತಿದ್ದ. ತಮ್ಮ ದಾಟಿ ಹೋಗುವವರೆಗೂ ನೀರನ್ನೇ ನೋಡುತ್ತಾ ನಡೆಯುತ್ತಿದ್ದ. ನೀರುಕೋಳಿಗಳು ಮರಿ ಮಾಡಿದ್ದು, ತಾವರೆ ಎಲೆ ಹರಡಿದ್ದು ಎಲ್ಲ ಅವನಿಗೆ ತಿಳಿದದ್ದು ಹಾಗೆ. ಕೋಪದಿಂದಲೂ ಒಮ್ಮೊಮ್ಮೆ ಕಣ್ಣಿಗೆ ತಂಪಾಗುತ್ತದೆ ನೋಡು.

ಮಾರ್ಗಶಿರ ಬಂತು. ಇನ್ನೇನು ಧನುರ್ಮಾಸ ಕಾಲಿಡುವುದರಲ್ಲಿತ್ತು. ಆ ತಿಂಗಳು ಪೂರ್ತಿ ಯಾವ ಕೆಲಸವನ್ನೂ ಶುರು ಮಾಡುವಂತಿಲ್ಲ. ಅದು ಕಳೆದರೆ ಮಾಘ, ಮದುವೆ. ವರ್ತಕ ಉಳಿದ ದಿನಗಳನ್ನು ಎಣಿಸತೊಡಗಿದ. ಚಪ್ಪರಕ್ಕೆ ಬಿದಿರು ಬಂದು ಬಿದ್ದಿತ್ತು. ತಾನು ಇನ್ನೂ ಒಂದು ಹೆಜ್ಜೆಯನ್ನೂ ಶುರು ಮಾಡಿಲ್ಲ. ಮಗಳ ಕೈಯನ್ನು ಧಾರೆ ಎರೆದು ಕೊಡುವವನು ಆ ಹಲಗೆ ಕದ್ದ ತಮ್ಮ. ತಾನು ಬೆಂಚಿನ ಮೇಲೆ ಕುಳಿತು ನೋಡಬೇಕು.

ಧನುರ್ಮಾಸಕ್ಕೆ ಮುಂಚಿನ ಕೊನೆಯ ಬೆಳಗ್ಗೆ ಅವನು ಜೋಯಿಸರ ಮುಂದೆ ಕುಳಿತ. ಜೋಯಿಸರು ಪಂಚಾಂಗ ನೋಡಿದರು, ಬೆರಳು ಎಣಿಸಿದರು, ಮತ್ತೆ ನೋಡಿದರು.

‘ಶೆಟ್ಟರೇ, ಇಂಥ ದಿನ ಈ ವರ್ಷ ಬಂದೇ ಇರಲಿಲ್ಲ. ಎಲ್ಲಾ ಕೂಡಿದೆ. ನಡೀರಿ, ತಡ ಮಾಡಬೇಡಿ.’

ವರ್ತಕ ಎದ್ದು ಓಡಿದ. ಹೌದು, ಓಡಿದ. ಇವತ್ತು ಶಕುನ ಕೆಡಬಾರದು ಎಂದು ಎಡಕ್ಕೆ ಬಲಕ್ಕೆ ಕಣ್ಣಿಟ್ಟುಕೊಂಡು ಬಂದ. ಬೆಕ್ಕು ಇರಲಿಲ್ಲ. ಯಾರೂ ಸೀನಲಿಲ್ಲ. ತೂಬು ದಾಟಿದ. ಎದುರಿಗೆ ತಮ್ಮ ಬರುತ್ತಿದ್ದ. ಅಂದು ಭಯಕ್ಕೆ ಎಲ್ಲವನ್ನೂ ನೋಡುತ್ತಿದ್ದ ವರ್ತಕ ಮುಖ ತಿರುಗಿಸುವುದನ್ನು ಮರೆತ. ತಮ್ಮನ ಕೈಯಲ್ಲಿ ಕೊಡವಿತ್ತು. ಕೊಡ ಖಾಲಿ.

ಖಾಲಿ ಕೊಡ ಎದುರಾದರೆ ಹೊರಟ ಕೆಲಸ ಕೆಟ್ಟ ಹಾಗೆಯೇ. ವರ್ತಕ ದಾರಿಯಲ್ಲೇ ನಿಂತುಬಿಟ್ಟ. ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿತು.

‘ಪಾಪಿ! ಹಲಗೆ ತಗೊಂಡು ಹೋದೆ, ಈಗ ನನ್ನ ಮಗಳ ಧಾರೇನೂ ಕಿತ್ಕೊಂಡ್ಯಲ್ಲೋ! ಇವತ್ತೇ ಬೇಕಾಗಿತ್ತಾ ನಿನಗೆ ಖಾಲಿ ಕೊಡ?’

ಹೀಗೆಂದವನೇ ಏರಿಯ ಮಣ್ಣಿನಲ್ಲಿ ಕುಸಿದು ಕುಳಿತ. ಮುಖ ಮುಚ್ಚಿಕೊಂಡು ಅತ್ತ.

ತಮ್ಮ ಕೊಡವನ್ನು ಕೆಳಗಿಟ್ಟ. ಅವನ ಕಣ್ಣಲ್ಲೂ ನೀರು.

‘ಅಣ್ಣಾ, ದಿನಾ ಬೆಳಗ್ಗೆ ನೀನು ಬರೋ ಹೊತ್ತಿಗೆ ನಾನು ತುಂಬಿದ ಕೊಡ ಹೊತ್ತು ಎದುರು ಬರ್ತಿದ್ದೆ. ಮಗೂ ಮದುವೆ ಕೆಲಸಕ್ಕೆ ಜೋಯಿಸರ ಹತ್ರ ಹೋಗ್ತಿದ್ದೀಯ, ಶಕುನ ಒಳ್ಳೇದಾಗಲಿ ಅಂತ. ನೀನು ಒಂದು ದಿನವೂ ತಿರುಗಿ ನೋಡಲಿಲ್ಲ. ಇವತ್ತು ನನ್ನ ಹೆಂಡತಿಗೆ ಜ್ವರ, ಗಂಜಿ ಕಾಯಿಸಿಟ್ಟು ಬರೋದು ತಡವಾಯ್ತು. ನೀನೇ ಬೇಗ ಬಂದುಬಿಟ್ಟೆ.’

ವರ್ತಕ ಮುಖದಿಂದ ಕೈ ತೆಗೆದ. ಆ ಮಾತು ಎದೆಗೆ ಇಳಿಯುತ್ತಿತ್ತು. ಆದರೆ ಇಷ್ಟು ವರ್ಷದ ಕೋಪ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ‘ಏಳಣ್ಣಾ’ ಎಂದು ತಮ್ಮ ಕೈ ಚಾಚಿದ. ವರ್ತಕ ಆ ಕೈಯನ್ನು ನೋಡಿದ. ಇವನ ಕೈ ಹಿಡಿದು ನಾನು ಏಳಬೇಕೇ ಎಂದು ಹಟ ಬಂತು. ಒಂದು ಕಾಲು ಮಡಿಸಿ, ಇನ್ನೊಂದನ್ನು ಊರಿ, ಎದ್ದುಬಿಟ್ಟ.

ತಮ್ಮ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ.

‘ಅಣ್ಣಾ, ನಿನ್ನ ಮಂಡಿ?’ ಎಂದ.

ವರ್ತಕ ತನ್ನ ಮಂಡಿಯನ್ನು ನೋಡಿಕೊಂಡ. ನಿಧಾನವಾಗಿ ಮತ್ತೆ ನೆಲದ ಮೇಲೆ ಕುಳಿತ. ಚಕ್ಕಂಬಕ್ಕಳ ಹಾಕಿದ. ಎದ್ದ. ಮತ್ತೆ ಕುಳಿತ, ಎದ್ದ. ನೀರಿಗೆ ಬಂದ ಹೆಂಗಸರು ಕೊಡ ಹೊತ್ತುಕೊಂಡು ನಿಂತು ನೋಡಿದರು. ಊರಿನ ದೊಡ್ಡ ವರ್ತಕ ಏರಿಯ ನಡುವೆ ಕೂತು ಏಳುತ್ತಾ ನಗುತ್ತಿದ್ದಾನೆ. ಕೆನ್ನೆಯ ಮೇಲಿನ ನೀರು ಇನ್ನೂ ಆರಿಲ್ಲ.

‘ದಿನಾ ಹೋಗ್ತಿದ್ದದ್ದು ಯಾತಕ್ಕಣ್ಣಾ?’ ಎಂದು ತಮ್ಮ ಕೇಳಿದ.

‘ಬೆಳಗ್ಗೆ ಎದ್ದು ಏರಿ ಮೇಲೆ ನಡೆಯೋದನ್ನ ಯಾವತ್ತಿಂದ ಶುರು ಮಾಡಲಿ ಅಂತ ಕೇಳೋಕೆ’ ಎಂದ ವರ್ತಕ.

ಹಾಗೆ ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೇ ಬಿತ್ತು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣನೂ ನಕ್ಕ. ಆಮೇಲೆ ಇಬ್ಬರೂ ತೂಬಿನ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ. ಎದ್ದಾಗ ಅಣ್ಣನೇ ಕೊಡವನ್ನು ತುಂಬಿ ತಮ್ಮನ ಮನೆಯವರೆಗೂ ಹೊತ್ತುಕೊಂಡು ಹೋದ. ಜ್ವರದಲ್ಲಿ ಮಲಗಿದ್ದ ತಮ್ಮನ ಹೆಂಡತಿ ಸಂತೋಷಕ್ಕೆ ಎದ್ದು ಕೂತಳಂತೆ.

ಧನುರ್ಮಾಸ ಬಂತು. ದಿನ ಕೇಳಲು ಹೋಗುವಂತಿರಲಿಲ್ಲ. ಆದರೂ ಹೊತ್ತಿಗೆ ಮುಂಚೆ ವರ್ತಕನಿಗೆ ಎಚ್ಚರವಾಗುತ್ತಿತ್ತು. ‘ಇವತ್ತು ಜೋಯಿಸರು ಪಂಚಾಂಗ ತೆಗೆಯಲ್ಲ, ಎಲ್ಲಿಗೆ ಹೊರಟ್ರಿ?’ ಎಂದು ಹೆಂಡತಿ ಕೇಳಿದಳು. ‘ಸುಮ್ಮನೆ’ ಎಂದ. ಏರಿಯ ಮೇಲೆ ತಮ್ಮ ಕಾಯುತ್ತಿರುತ್ತಿದ್ದ. ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಮಾತ್ರ ಅವನು ಪೂರ್ತಿ ಬಿಡಲಿಲ್ಲ. ಅಚ್ಚಿಗೊಂದು ಇದ್ದದ್ದು ಮೂಟೆಗೊಂದಾಯಿತು. ಮನುಷ್ಯನನ್ನು ಅಷ್ಟಕ್ಕೆ ಬಿಟ್ಟುಬಿಡಬೇಕು.

ಮದುವೆಯ ದಿನ ತಮ್ಮ ಒಂದು ಹಲಗೆಯನ್ನು ಹೆಗಲ ಮೇಲೆ ಹೊತ್ತು ಚಪ್ಪರದೊಳಕ್ಕೆ ಬಂದ. ಉಯ್ಯಾಲೆಯ ಹಲಗೆ. ಸರಪಳಿ ಕಳಚಿ, ತೊಳೆದು, ಅರಿಶಿನ ಹಚ್ಚಿ ತಂದಿದ್ದ. ‘ಅಪ್ಪ ಕೂರ್ತಿದ್ದ ಹಲಗೆ. ಇದರ ಮೇಲೆ ಕೂತು ಧಾರೆ ಎರೆಯಣ್ಣಾ’ ಎಂದು ನೆಲದ ಮೇಲೆ ಹಾಕಿದ. ವರ್ತಕ ಚಕ್ಕಂಬಕ್ಕಳ ಹಾಕಿ ಕುಳಿತ. ಅಳಿಯನ ಕಾಲು ತೊಳೆದ. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು, ಹೆಂಡತಿ ನೀರು ಬಿಡುತ್ತಿದ್ದಂತೆ ಧಾರೆ ಎರೆದ. ಮಂಡಿ ಸ್ವಲ್ಪ ನೋಯುತ್ತಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೇ. ಚಿಕ್ಕಪ್ಪ ಕೂತರೂ ಪರವಾಗಿಲ್ಲ ಎಂದದ್ದು ಬರೀ ಬಾಯಿ ಮಾತು. ಊಟದ ಹೊತ್ತಿಗೆ ವರ್ತಕ ಬೆಂಚನ್ನು ಹೊರಗೆ ಹಾಕಿಸಿದ. ಸಾಲಿನಲ್ಲಿ, ತಮ್ಮನ ಪಕ್ಕದಲ್ಲಿ, ನೆಲದ ಮೇಲೆ ಕುಳಿತು ಎಲೆಯಲ್ಲಿ ಉಂಡ. ಹೆಂಡತಿ ಅಂದು ರಾಶಿ ಮೆಣಸಿನಕಾಯಿ ನಿವಾಳಿಸಿದಳು. ಮನೆಯೆಲ್ಲ ಘಾಟು, ನೆಂಟರೆಲ್ಲ ಕೆಮ್ಮಿದರು.

ಜೋಯಿಸರೂ ಊಟಕ್ಕೆ ಬಂದಿದ್ದರು. ಹೊರಡುವಾಗ ವರ್ತಕನನ್ನು ಪಕ್ಕಕ್ಕೆ ಕರೆದು ಕನಿಕರದಿಂದ ಹೇಳಿದರು:

‘ಶೆಟ್ಟರೇ, ಆ ನಿಮ್ಮ ಮೈಯ ವಿಷಯ ಹಾಗೇ ಉಳಿದುಹೋಯ್ತಲ್ಲ. ನನಗೂ ಮನಸ್ಸಿಗೆ ಸಮಾಧಾನವಿಲ್ಲ. ಧನುರ್ಮಾಸ ಕಳೀತು. ನಾಳೆ ಬನ್ನಿ, ನೋಡೋಣ.’

‘ಬರ್ತೀನಿ ಜೋಯಿಸರೇ’ ಎಂದ ವರ್ತಕ. ಮಾರನೆಯ ಬೆಳಗ್ಗೆ ಹೋದ. ತಮ್ಮನನ್ನೂ ಕರೆದುಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಿನ ಮೇಲೆ ಹರವಿದ್ದ ಪಂಚೆಯನ್ನು ತಿರುಗಿಸಿ ಹಾಕಿದರು.

ನಾಗಲಿಂಗ ಮೆಣಸಿನಕಾಯಿಯ ಘಾಟಿನ ಮಾತಿಗೆ ಇನ್ನೂ ನಗುತ್ತಿದ್ದ. ನಗು ನಿಂತ ಮೇಲೆ ಅವನಿಗೆ ತನ್ನ ಕೆಲಸ ನೆನಪಾಯಿತು. ಕತೆ ಚೆನ್ನಾಗಿತ್ತು, ಆದರೆ ದಿನ ಸಿಕ್ಕಲಿಲ್ಲ.

‘ವರ್ತಕನದು ಹೇಗೋ ಆಯಿತು ಗುರುಗಳೇ. ಅವನಿಗೆ ಜೋಯಿಸರಿದ್ದರು, ತಮ್ಮನಿದ್ದ. ನಾನು ಹೊತ್ತಿಗೆ ಮುಂಚೆ ಏಳುವುದನ್ನು, ಮೆಟ್ಟಿಲಿಳಿದು ತಣ್ಣೀರಿನಲ್ಲಿ ಮೀಯುವುದನ್ನು, ನಿಮ್ಮ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದನ್ನು ಯಾವ ದಿನ ಶುರು ಮಾಡಲಿ? ಅದನ್ನು ತಾವು ಹೇಳಲೇ ಇಲ್ಲ.’

ಮೇಲೆ ಮಠದಲ್ಲಿ ಆಗ ಗಂಟೆ ಬಾರಿಸಿತು. ಜೊತೆಯವರು ಒಬ್ಬರನ್ನೊಬ್ಬರು ಎಬ್ಬಿಸುವ ಸದ್ದು ಕೇಳಿಸಿತು. ನಾಗಲಿಂಗನ ಕಂಬಳಿ ಎಳೆಯಲು ಹೋದವನೊಬ್ಬ ಅವನ ಹೆಸರು ಹಿಡಿದು ಕೂಗುತ್ತಿದ್ದ.

ಗುರುಗಳು ಆ ಕಡೆಗೊಮ್ಮೆ ನೋಡಿ, ಶಿಷ್ಯನ ಕಡೆಗೆ ತಿರುಗಿದರು.

‘ಇವತ್ತು ನಿನ್ನನ್ನು ಎಬ್ಬಿಸಿದವರು ಯಾರು, ನಾಗಲಿಂಗ?’

ನಾಗಲಿಂಗ ತನ್ನ ಒದ್ದೆ ತಲೆಯನ್ನು ಮುಟ್ಟಿಕೊಂಡು ನಕ್ಕ.